ಕೋಲಾರಕ್ಕೆ ಐಫೋನ್ ಕಾರ್ಖಾನೆ ಯಾಕೆ ಬಂತು ಅಂದ್ರೆ...

ನದಿ ಇಲ್ಲ, ಬಂದರು ಇಲ್ಲ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರು ಬರೋದು ಗ್ಯಾರಂಟಿ ಇಲ್ಲ. ಇಂಥ ಜಿಲ್ಲೆಗೆ ಹೊರದೇಶದ ಕಂಪನಿ ಯಾಕೆ ಬರುತ್ತೆ ಅಂತ ಕೇಳಿದ್ದೀರಿ. ಸಬ್ಸಿಡಿಗೋಸ್ಕರ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಬರೋದು ಜಮೀನು.

ನಮ್ಮ ಜಿಲ್ಲೆಯ ನರಸಾಪುರ ಇರೋದು ಬೆಂಗಳೂರು–ಚೆನ್ನೈ ಹೆದ್ದಾರಿ ಪಕ್ಕ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. 2020ರಲ್ಲಿ ಐಫೋನ್ ಜೋಡಿಸಲು ತೈವಾನಿನ ವಿಸ್ಟ್ರಾನ್ ಬಂತು (2023ರಲ್ಲಿ ಅದನ್ನು ಟಾಟಾದವರು ಕೊಂಡರು). ಇವರು ಒಬ್ಬೊಬ್ಬ ರೈತನ ಹತ್ತಿರ ಹೋಗಿ ಜಮೀನು ಕೊಳ್ಳಬೇಕಾಗಿದ್ದರೆ ಆಗುತ್ತಿತ್ತಾ? ಅಣ್ಣತಮ್ಮಂದಿರ ಭಾಗದ ತಕರಾರು, ದರಖಾಸ್ತು (ಸರ್ಕಾರ ಮಂಜೂರು ಮಾಡಿದ) ಜಮೀನಿನ ಹಳೇ ಕಾಗದ, ಕೋರ್ಟು. ಆ ತಲೆನೋವನ್ನೆಲ್ಲ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) 1966ರ ಕಾಯ್ದೆ ಹಿಡಿದುಕೊಂಡು ತಾನೇ ಹೊತ್ತುಕೊಳ್ಳುತ್ತದೆ. ರಸ್ತೆ, ಕರೆಂಟು ಕೊಟ್ಟು ಪ್ಲಾಟ್ ಮಾಡಿ ಕೈಗಿಡುತ್ತದೆ. ಇದು ಹೊಸದೇನಲ್ಲ. ಇಂಗ್ಲಿಷ್ ಕಂಪನಿ ನಡೆಸುತ್ತಿದ್ದ ಕೆಜಿಎಫ್ ಗಣಿಗಾಗಿ 1902ರಲ್ಲೇ ಮೈಸೂರು ಸರ್ಕಾರ ಶಿವನಸಮುದ್ರದಿಂದ ಕರೆಂಟ್ ಎಳೆದು ತಂದಿತ್ತು.

ರೈತನ ಕಡೆಯಿಂದ ನೋಡಿದರೆ ಕಥೆ ಬೇರೆ. ಮೊದಲು ಜಮೀನು ಸ್ವಾಧೀನಕ್ಕೆ ಅದೇ ಕಾಯ್ದೆಯ 28(1) ನೋಟಿಸ್ ಬರುತ್ತೆ. ಪಹಣಿಯಲ್ಲಿ ಇತರೆ ಹಕ್ಕು, ಋಣ ಬರೆಯೋ 11ನೇ ಕಾಲಂನಲ್ಲಿ ಕೆಐಎಡಿಬಿ ಹೆಸರು ಕೂರುತ್ತೆ. ಆಮೇಲೆ ಮಾರೋಕೂ ಆಗಲ್ಲ, ಬ್ಯಾಂಕಿನವರು ಸಾಲಾನೂ ಕೊಡಲ್ಲ. ಪರಿಹಾರ ಬರೋವರೆಗೂ ಉಳುಮೆ ಮಾಡಿಕೊಂಡು ಕಾಯಬೇಕು.

ದೆಹಲಿಯ ಪಾಲೂ ಇದೆ. 2018ರಲ್ಲಿ ಮೊಬೈಲ್ ಆಮದು ಸುಂಕ ಶೇ 20ಕ್ಕೆ ಏರಿತು. 2020ರಲ್ಲಿ ಪಿಎಲ್‌ಐ (ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ) ಯೋಜನೆ ಬಂತು: ಇಲ್ಲೇ ತಯಾರಿಸಿ ಮಾರಾಟ ಜಾಸ್ತಿ ಮಾಡಿದರೆ, ಆ ಜಾಸ್ತಿಯಾದ ಮೊತ್ತದ ಮೇಲೆ ಶೇ 4ರಿಂದ 6ರಷ್ಟು ಪ್ರೋತ್ಸಾಹಧನ. ಹೊರಗಿಂದ ತಂದರೆ ಸುಂಕ, ಇಲ್ಲೇ ಮಾಡಿದರೆ ಇನಾಮು.

ಆದರೆ ಇದು ಯಾವ ರಾಜ್ಯಕ್ಕೆ ಹೋದರೂ ಸಿಗುತ್ತೆ, ಅಲ್ವಾ? ಅದಕ್ಕೇ ಗಡಿಯಲ್ಲಿ ಪೈಪೋಟಿ. ಮಾಲೂರು ದಾಟಿದರೆ ತಮಿಳುನಾಡಿನ ಹೊಸೂರು. ಬಾಗೇಪಲ್ಲಿ ದಾಟಿದರೆ ಆಂಧ್ರದ ಪೆನುಕೊಂಡ. ಕೊರಿಯಾದ ಕಾರು ಕಂಪನಿ ಕಿಯಾ 2017ರಲ್ಲಿ ಅಲ್ಲಿಗೆ ಹೋಯಿತು. ನಮ್ಮಷ್ಟೇ ಒಣಗಿದ ಸೀಮೆ ಅದು. ಆಂಧ್ರದವರು ಗೊಲ್ಲಪಲ್ಲಿ ಜಲಾಶಯದಿಂದ ನೀರು ಕೊಟ್ಟರು. 2025ರ ಜುಲೈನಲ್ಲಿ ದೇವನಹಳ್ಳಿ ರೈತರ ಹೋರಾಟಕ್ಕೆ ಮಣಿದು ನಮ್ಮ ಸರ್ಕಾರ ವಿಮಾನೋದ್ಯಮ ಪಾರ್ಕ್‌ಗೆ ಅಂತಿದ್ದ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಹತ್ತಿರವೇ 8,000 ಎಕರೆ ರೆಡಿ ಇದೆ, ಇಲ್ಲಿಗೆ ಬನ್ನಿ ಅಂತ ವಿಮಾನೋದ್ಯಮದವರನ್ನು ಕರೆದರು. ರೈತರು ಗೆದ್ದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಆ ಮಾತು ಕೇಳಿದಾಗ ಹೊಟ್ಟೆ ಚುರ್ ಅಂದಿದ್ದು ನಿಜ.

ಕೆಲಸದ ವಿಷಯ. ರಿಯಾಯಿತಿ ಪಡೆಯುವ ಕಂಪನಿ ಒಟ್ಟು ಕೆಲಸದಲ್ಲಿ ಶೇ 70 ಕನ್ನಡಿಗರಿಗೆ ಕೊಡಬೇಕು, ಡಿ ದರ್ಜೆಯಲ್ಲಿ ಪೂರ್ತಿ ಕೊಡಬೇಕು ಅಂತ ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲೇ ಇತ್ತು. ಕಾಗದದಲ್ಲಿ ಚೆನ್ನಾಗಿದೆ. ಆದರೆ ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ನಿಂತು ದುಡಿಯುವವರಲ್ಲಿ ಜಾಸ್ತಿ ಜನ ಗುತ್ತಿಗೆದಾರರ ಮೂಲಕ ಬಂದವರು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್‌ನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆ ಎದ್ದಾಗಲೂ ಹಾಗೇ ಇತ್ತು. ಕಂಪನಿ ಗುತ್ತಿಗೆದಾರನ ಕಡೆ ಕೈ ತೋರಿಸುತ್ತೆ, ಗುತ್ತಿಗೆದಾರ ಕಂಪನಿ ಕಡೆ. ಹೂಡಿಕೆ ಎಷ್ಟು ಸಾವಿರ ಕೋಟಿ ಅಂತ ಹೇಳೋಕೆ ಮಂತ್ರಿಗಳು ಬರ್ತಾರೆ. ಅದರಲ್ಲಿ ಕಾಯಂ ಕೆಲಸ ಎಷ್ಟು ಅಂತ ನಮ್ಮ ಹುಡುಗರು ಕೇಳಿದರೆ ಮಾತ್ರ ಉತ್ತರ ಸಿಗಲ್ಲ.