ಹಳೆಯ 1080 ಟಿಐ ಒಳ್ಳೆಯದಾ, 3060 ಒಳ್ಳೆಯದಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಜಿಟಿಎಕ್ಸ್ 1080 ಟಿಐ, ಆರ್‌ಟಿಎಕ್ಸ್ 3060 ಎರಡೂ ಒಂದೇ ಬೆಲೆಗೆ ಸಿಗುತ್ತಿವೆ. ನನ್ನ ಪವರ್ ಸಪ್ಲೈ 550 ವ್ಯಾಟ್. ಯಾವುದು ತೆಗೆದುಕೊಳ್ಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಬೆಲೆ ಒಂದೇ ಅಂದಮೇಲೆ 3060 ತೆಗೆದುಕೊಳ್ಳಿ. 12 ಜಿಬಿ ಮೆಮೊರಿಯದ್ದೇ ಆಗಿರಲಿ. 8 ಜಿಬಿಯದ್ದೂ ಬಂದಿದೆ, ಅದು ನಿಧಾನ.

2017ರ 1080 ಟಿಐ ನನಗೆ ತುಂಬಾ ಇಷ್ಟದ ಕಾರ್ಡ್. ಆ ಕಾಲಕ್ಕೇ 11 ಜಿಬಿ ಮೆಮೊರಿ ಅಂದ್ರೆ ಸುಮ್ನೆ ಅಲ್ಲ. ಹಳೆಯ ಗೇಮ್‌ಗಳಲ್ಲಿ ಅದು ಇವತ್ತಿಗೂ 2021ರ 3060ಗೆ ಸರಿಸಮ, ಕೆಲವದರಲ್ಲಿ ಸ್ವಲ್ಪ ಮುಂದೆಯೇ. ತೊಂದರೆ ಇರುವುದು ಹೊಸ ಗೇಮ್‌ಗಳಲ್ಲಿ. 1080 ಟಿಐಯಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳುಗಳನ್ನು ನಿಜದಂತೆ ಲೆಕ್ಕಹಾಕಿ ತೋರಿಸುವ ವಿಧಾನ) ಕೋರ್‌ಗಳಿಲ್ಲ, ಎಐ ಬಳಸಿ ಗೇಮ್ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್ ನಡೆಯುವುದಿಲ್ಲ. 2025ರ 'ಡೂಮ್: ದ ಡಾರ್ಕ್ ಏಜಸ್'ಗೆ ರೇ ಟ್ರೇಸಿಂಗ್ ಇರುವ ಕಾರ್ಡೇ ಬೇಕು. ಮೆಮೊರಿ ಎಷ್ಟಿದ್ದರೂ ಅಲ್ಲಿ ಉಪಯೋಗವಿಲ್ಲ, ಅಲ್ವಾ?

ಕರೆಂಟ್ ವಿಷಯಕ್ಕೆ ಬಂದರೆ 1080 ಟಿಐ 250 ವ್ಯಾಟ್ ಎಳೆಯುತ್ತದೆ, 3060ಗೆ 170 ಸಾಕು. ನಿಮ್ಮ ಪವರ್ ಸಪ್ಲೈಗೆ ಅದೇ ಹಗುರ.

ದುಡ್ಡು ಕೊಡುವ ಮೊದಲು ಮಾತ್ರ ದಯವಿಟ್ಟು ಮಾರುವವರ ಎದುರೇ ಭಾರಿ ಗೇಮೊಂದನ್ನು ಅರ್ಧ ಗಂಟೆ ಓಡಿಸಿ. ಪರದೆ ಮೇಲೆ ಚುಕ್ಕೆ, ಗೆರೆ ಬಂದರೆ, ಫ್ಯಾನ್ ಕರಕರ ಅಂದರೆ ಆ ಕಾರ್ಡ್ ಬೇಡ.