ನಾಯಿ ಮತ್ತು ಕಾಡುಹಂದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಡಂಚಿನ ದಾರಿಯಲ್ಲಿ ದಿನವೂ ನಾಯಿಯನ್ನು ಕರೆದುಕೊಂಡು ನಡೆಯುತ್ತೇನೆ. ಈಚೆಗೆ ದಾರಿಯ ಎರಡೂ ಬದಿ ನೆಲ ಉತ್ತಂತೆ ಕಾಣುತ್ತಿದೆ. ಹಂದಿ ಎದುರಾದರೆ ನಾಯಿಯನ್ನು ಬಿಡಬೇಕೇ, ಹಿಡಿದುಕೊಳ್ಳಬೇಕೇ?

ಉತ್ತರ: ಹಿಡಿದುಕೊಳ್ಳಿ. ಬಿಟ್ಟ ನಾಯಿ ಮೊದಲು ಹಂದಿಯ ಮೇಲೆ ನುಗ್ಗುತ್ತದೆ. ಹಂದಿ ತಿರುಗಿ ನಿಂತ ಕೂಡಲೇ ಹೆದರಿ ಒಡೆಯನ ಕಾಲಬುಡಕ್ಕೇ ಓಡಿ ಬರುತ್ತದೆ, ಅದರ ಬೆನ್ನಿಗೇ ಹಂದಿಯೂ ಬರುತ್ತದೆ. ನಾಯಿಯ ಜೊತೆಗಿದ್ದವರು ಗಾಯಗೊಳ್ಳುವುದು ಹೆಚ್ಚಾಗಿ ಹೀಗೇ.

ಕೆದರಿದ ಮಣ್ಣನ್ನು ಹತ್ತಿರದಿಂದ ನೋಡಿ. ಮಗುಚಿದ ಹೆಂಟೆಯ ಅಡಿ ಇನ್ನೂ ತೇವವಾಗಿದ್ದು, ಕಿತ್ತ ಬೇರಿನ ತುದಿ ಬೆಳ್ಳಗಿದ್ದರೆ ಅದು ಕಳೆದ ರಾತ್ರಿಯ ಕೆಲಸ. ಹೆಂಟೆ ಒಣಗಿ, ಬೇರು ಕಂದಿದ್ದರೆ ಹಳೆಯದು. ಹೆಜ್ಜೆಯಲ್ಲಿ ಎರಡು ಗೊರಸಿನ ಹಿಂದೆ, ಸ್ವಲ್ಪ ಹೊರಬದಿಗೆ, ಎರಡು ಚಿಕ್ಕ ಗುರುತು ಮೂಡಿದ್ದರೆ ಹಂದಿ. ಜಿಂಕೆಯ ಹೆಜ್ಜೆಯಲ್ಲಿ ಅವು ಮೆತ್ತನೆಯ ಕೆಸರಿನಲ್ಲಷ್ಟೇ ಕಾಣುತ್ತವೆ. ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಹಸಿ ಕೆಸರು ಮೆತ್ತಿದ್ದರೆ ಹಂದಿ ಹೊರಳುವ ಗುಂಡಿ ಅಲ್ಲೇ ಹತ್ತಿರದಲ್ಲಿದೆ. ಅಂಥ ಕಡೆ ಮುಸ್ಸಂಜೆ ಮತ್ತು ನಸುಕಿನಲ್ಲಿ ಹೋಗಲೇಬೇಡಿ.

ಹಂದಿಗೆ ಕಣ್ಣು ಮಂದ. ಮೂಗು, ಕಿವಿ ಬಲು ಚುರುಕು. ಗಾಳಿ ಎದುರಿನಿಂದ ಬೀಸುವಾಗ ನಿಮ್ಮ ವಾಸನೆ ಅದಕ್ಕೆ ಮುಟ್ಟುವುದಿಲ್ಲ, ಹಾಗಾಗಿ ತೀರಾ ಹತ್ತಿರ ಬಂದಮೇಲೆ ಬೆಚ್ಚಿಬೀಳುತ್ತದೆ. ಆಗ ಮಾತಾಡುತ್ತಾ ನಡೆಯಿರಿ. ಬೆನ್ನ ಮೇಲಿನ ರೋಮ ನಿಮಿರಿಸಿ, ಬುಸುಗುಟ್ಟಿ, ಹಲ್ಲು ಕಟಕಟಿಸಿದರೆ ಅದು ಎಚ್ಚರಿಕೆ. ಹಗ್ಗ ಗಿಡ್ಡ ಮಾಡಿ, ನಾಯಿಯನ್ನು ನಿಮ್ಮ ಹಿಂಬದಿಗೆ ಎಳೆದುಕೊಂಡು, ಹಂದಿ ಓಡಿಹೋಗುವ ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಓಡಬೇಡಿ, ಅದರ ಓಟಕ್ಕೆ ನಿಮ್ಮದು ಸಾಟಿಯಲ್ಲ. ಗೆರೆಗೆರೆಯ ಮರಿ ಕಂಡರೆ ತಾಯಿ ಅಲ್ಲೇ ಇದೆ, ಬಂದ ದಾರಿಯಲ್ಲೇ ಹಿಂತಿರುಗಿ. ಮೈಮೇಲೆ ಬಂದೇಬಿಟ್ಟರೆ ಮರದ ಮರೆಗೆ ಸರಿಯಿರಿ, ಇಲ್ಲವೇ ಬಂಡೆ ಹತ್ತಿ. ಆಗ ಮಾತ್ರ ನಾಯಿಯನ್ನು ಬಿಡಬಹುದು, ಅದೂ ಕೊಕ್ಕೆಯನ್ನೇ ಕಳಚಿ. ಹಗ್ಗ ಎಳೆದುಕೊಂಡು ಓಡುವ ನಾಯಿ ಪೊದೆಗೆ ಸಿಕ್ಕಿಕೊಂಡು ಹಂದಿಯ ಬಾಯಿಗೆ ಬೀಳುತ್ತದೆ. ಉದ್ದ ಬಿಟ್ಟು ಸುತ್ತಿಕೊಳ್ಳುವ ಹಗ್ಗ ಕಾಡಿಗೆ ಬೇಡ, ಎರಡು ಮೀಟರಿನ ಸಾದಾ ಹಗ್ಗವೇ ಸರಿ.

ಪ್ರಶ್ನೆ: ನಮ್ಮ ನಾಯಿಯ ತೊಡೆಗೆ ಹಂದಿ ಕೋರೆಯಿಂದ ತಿವಿಯಿತು. ಹೊರಗೆ ಕಂಡದ್ದು ಬೆರಳಗಲದ ಸೀಳು ಮಾತ್ರ. ಆದರೂ ವೈದ್ಯರು ಅರಿವಳಿಕೆ ಕೊಟ್ಟು ಗಾಯವನ್ನು ಇನ್ನಷ್ಟು ಬಿಡಿಸಿ, ಒಳಗೆ ನಳಿಕೆ ಇಟ್ಟರು. ಇದು ಬೇಕಿತ್ತೇ?

ಉತ್ತರ: ಬೇಕೇ ಬೇಕಿತ್ತು. ಗಂಡು ಹಂದಿಯ ಕೆಳಕೋರೆ ಬದುಕಿರುವಷ್ಟೂ ಬೆಳೆಯುತ್ತದೆ, ಬಾಯಿ ಆಡಿಸಿದಾಗಲೆಲ್ಲ ಮೇಲುಕೋರೆಗೆ ಉಜ್ಜಿ ಹರಿತವಾಗುತ್ತದೆ. ಹಂದಿ ತಲೆ ತಗ್ಗಿಸಿ ಬಂದು ಕೆಳಗಿನಿಂದ ಮೇಲಕ್ಕೆ ಝಾಡಿಸುತ್ತದೆ. ಕೋರೆ ಒಂದೇ ಕಡೆ ಚರ್ಮ ತೂತು ಮಾಡಿದರೂ, ಆ ಝಾಡಿಗೆ ಒಳಗೆ ಚರ್ಮ ಮಾಂಸದಿಂದ ಬೇರ್ಪಟ್ಟು ಅಂಗೈಯಗಲದ ಚೀಲವೇ ಆಗಿರಬಹುದು. ಕೂದಲು, ಕೆಸರು, ಹಂದಿಯ ಬಾಯಿಯ ರೋಗಾಣುಗಳು ಆ ಚೀಲದೊಳಗೆ ಉಳಿಯುತ್ತವೆ. ಮೇಲಿನ ಸೀಳಿಗೆ ಎರಡು ಹೊಲಿಗೆ ಹಾಕಿ ಕಳಿಸಿದರೆ ಕೆಲವೇ ದಿನಗಳಲ್ಲಿ ಕೀವು ತುಂಬಿ ಜ್ವರ ಬರುವುದು ಬಹುತೇಕ ಖಚಿತ. ನಳಿಕೆ ಇಡುವುದು ಒಳಗಿನ ದ್ರವ ಹೊರಬರಲಿ ಎಂದೇ. ಸೋರುವುದು ಕಡಿಮೆಯಾದಂತೆ, ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ, ತೆಗೆಯುತ್ತಾರೆ. ಅಲ್ಲಿಯವರೆಗೆ ನಾಯಿ ನೆಕ್ಕದಂತೆ ಕೊರಳಿಗೆ ಕೋನ್ ಇರಲೇಬೇಕು.

ಹೆಣ್ಣು ಹಂದಿಯ ಕೋರೆ ಚಿಕ್ಕದು, ಅದು ಕಚ್ಚಿ ಜಗಿಯುತ್ತದೆ. ಅಲ್ಲಿ ಸೀಳಿಗಿಂತ ಜಜ್ಜಿದ ಮಾಂಸ, ಮುರಿದ ಮೂಳೆಯೇ ಹೆಚ್ಚು. ರಕ್ತ ಹೆಚ್ಚು ಕಾಣಲಿಲ್ಲವೆಂದು ಇದನ್ನು ಹಗುರವಾಗಿ ನೋಡಬೇಡಿ.

ಆಸ್ಪತ್ರೆ ತಲುಪುವ ತನಕ ನೀವು ಮಾಡಬೇಕಾದ್ದು ಇಷ್ಟು. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ, ಬ್ಯಾಂಡೇಜಿನಿಂದ ಬಾಯಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಕಟ್ಟಬಾರದು. ರಕ್ತ ಚಿಮ್ಮುತ್ತಿದ್ದರೆ ಶುಭ್ರ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ, ಹತ್ತು ನಿಮಿಷ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಎತ್ತಿದಾಗಲೆಲ್ಲ ಹೆಪ್ಪು ಕಿತ್ತುಬಂದು ಮತ್ತೆ ಮೊದಲಿನಿಂದ ಶುರು. ರಕ್ತಸ್ರಾವ ನಿಂತಿದ್ದು, ದಾರಿ ದೂರವಿದ್ದರೆ ಮಾತ್ರ ಲವಣಜಲದಿಂದ ಮೇಲಿನ ಕೆಸರು ತೊಳೆಯಿರಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಅದು ಜೀವಂತ ಮಾಂಸವನ್ನೂ ಸುಡುತ್ತದೆ. ಹೊಟ್ಟೆ ಸೀಳಿ ಕರುಳು ಹೊರಬಂದಿದ್ದರೆ ಒಳಗೆ ತುರುಕಬೇಡಿ, ಲವಣಜಲದಲ್ಲಿ ನೆನೆಸಿದ ಬಟ್ಟೆ ಹೊದಿಸಿ ಹೊಟ್ಟೆಯ ಸುತ್ತ ಸಡಿಲವಾಗಿ ಕಟ್ಟಿ. ಎದೆಯ ಗಾಯದಿಂದ ಗಾಳಿ ಸುಯ್ಯೆನ್ನುತ್ತಿದ್ದರೆ ಒದ್ದೆ ಬಟ್ಟೆ ಅಥವಾ ತೆಳು ಪ್ಲಾಸ್ಟಿಕ್‌ನಿಂದ ಮುಚ್ಚಿ. ಮುಚ್ಚಿದ ಮೇಲೆ ಉಸಿರಾಟ ಇನ್ನೂ ಕಷ್ಟವಾದರೆ ಒಂದು ಅಂಚು ಸಡಿಲಿಸಿ.

ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಗುಲಾಬಿ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ವಸಡೇ ಬಿಳಚಿಕೊಂಡಿದ್ದರೆ, ಒಳಗೆ ರಕ್ತ ಸೋರುತ್ತಿರಬಹುದು. ತೊಳೆಯುತ್ತಾ ಕೂರಬೇಡಿ, ಹಲಗೆ ಅಥವಾ ಕಂಬಳಿಯ ಮೇಲೆ ಮಲಗಿಸಿ ಹೊರಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು: ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅರಿವಳಿಕೆ ಬೇಕಾದೀತು, ಹಾಗಾಗಿ ಊಟವೂ ಬೇಡ.

ಪ್ರಶ್ನೆ: ರಕ್ಷಣಾ ಕವಚ ತೊಡಿಸಿದರೆ ಈ ಚಿಂತೆಯೇ ಇಲ್ಲವಲ್ಲ?

ಉತ್ತರ: ಚಿಂತೆ ಕಡಿಮೆಯಾಗುತ್ತದೆ, ಅಷ್ಟೇ. ಅರಾಮಿಡ್‌ನಂಥ ಬಿಗಿ ನೂಲಿನ ಪದರಗಳು ಸೀಳುವ ಏಟನ್ನು ಚೆನ್ನಾಗಿ ತಡೆಯುತ್ತವೆ, ನೇರ ತಿವಿತವನ್ನು ಅಷ್ಟಾಗಿ ತಡೆಯುವುದಿಲ್ಲ. ಏಟಿನ ಭಾರ ಹೇಗೂ ಒಳಗಿನ ಪಕ್ಕೆಲುಬಿಗೆ ಮುಟ್ಟುತ್ತದೆ. ಕತ್ತು, ಎದೆ, ಪಕ್ಕೆ, ಹೊಟ್ಟೆ ಮುಚ್ಚಿರಬೇಕು. ಬೆನ್ನಷ್ಟೇ ಮುಚ್ಚುವ ಕವಚದಿಂದ ಪ್ರಯೋಜನವಿಲ್ಲ, ಹಂದಿ ಬರುವುದೇ ಕೆಳಗಿನಿಂದ. ಎಲ್ಲ ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಮುಂಗಾಲಿನ ಕಂಕುಳಲ್ಲಿ ಉಜ್ಜುತ್ತದೆಯೇ ಎಂದು ಅರ್ಧ ಗಂಟೆ ನಡೆಸಿ ನೋಡಿ.

ದೊಡ್ಡ ಅಪಾಯ ಸೆಕೆ. ನಾಯಿಯ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ಮುಟ್ಟಿದರೆ ಜೀವಕ್ಕೇ ಕುತ್ತು. ನಾಲಿಗೆ ಅಗಲವಾಗಿ ಜೋತುಬಿದ್ದು ಹೆಜ್ಜೆ ತಪ್ಪಿದರೆ ಕವಚ ಬಿಚ್ಚಿ ಮೈಮೇಲೆ ನೀರು ಸುರಿದು ಗಾಳಿ ಬೀಸಿ, 39.5ಕ್ಕೆ ಇಳಿದಾಗ ನಿಲ್ಲಿಸಿ. ವಾಹನದಲ್ಲಿ ಕವಚ ತೊಡಿಸಿ ಕೂರಿಸಬೇಡಿ.

ಪ್ರಶ್ನೆ: ಬೇಟೆಯಾಡಿದ ಹಂದಿಯ ಕರುಳು, ಶ್ವಾಸಕೋಶವನ್ನು ನಾಯಿಗಳಿಗೆ ಹಸಿಯಾಗಿಯೇ ಹಾಕುತ್ತಾರಲ್ಲ, ಸರಿಯೇ?

ಉತ್ತರ: ಕಾನೂನು ಬೇಟೆಗೆ ಅನುಮತಿ ಕೊಟ್ಟಿರುವ ಕಡೆಯಲ್ಲೂ ಇದು ಬೇಡ. ಹಂದಿ ಔಯೆಸ್ಕಿ ರೋಗದ ವೈರಾಣುವನ್ನು ಹೊತ್ತೂ ಆರಾಮಾಗಿ ಬದುಕಬಲ್ಲದು, ನಾಯಿಗೆ ಅದು ಮರಣಶಾಸನ. ಮುಖ, ತಲೆಯನ್ನು ರಕ್ತ ಬರುವಂತೆ ಕೆರೆದುಕೊಳ್ಳುವುದು, ಜೊಲ್ಲು, ನಿತ್ರಾಣ. ಲಕ್ಷಣ ಕಂಡ ಮೇಲೆ ಸಾಮಾನ್ಯವಾಗಿ ಎರಡು ದಿನದೊಳಗೆ ಸಾವು. ಚಿಕಿತ್ಸೆ ಇಲ್ಲ. ನೋಡಲು ರೇಬಿಸ್‌ನಂತೆಯೇ ಇರುವುದರಿಂದ ಅಂಥ ನಾಯಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅಮೆರಿಕದಲ್ಲಿ 2004ರ ಹೊತ್ತಿಗೆ ವಾಣಿಜ್ಯ ಸಾಕುಹಂದಿಗಳಿಂದ ಈ ರೋಗ ತೊಲಗಿತು, ಕಾಡಿನಲ್ಲಿ ಅಲೆಯುವ ಹಂದಿಗಳಲ್ಲಿ ಇನ್ನೂ ಉಳಿದಿದೆ. ಫ್ರಿಜ್‌ನಲ್ಲಿಟ್ಟರೆ ವೈರಾಣು ಸಾಯುತ್ತದೆ ಎಂದು ನಂಬಬೇಡಿ. ಮಾಂಸದಲ್ಲಿರುವ ಟ್ರೈಕಿನೆಲ್ಲಾ ಹುಳುವಿನ ಕೆಲವು ಜಾತಿಗಳೂ ಹಿಮಗಟ್ಟಿಸಿದರೆ ಸಾಯುವುದಿಲ್ಲ. ಕೊಡುವುದೇ ಆದರೆ ಮಾಂಸವನ್ನು ಪೂರ್ತಿ ಬೇಯಿಸಿ ಕೊಡಿ.

ಪ್ರಶ್ನೆ: ಹಂದಿ ಬೇಟೆಯ ಕೆಲಸಕ್ಕೆ ಎಂಥ ನಾಯಿ ಒಳ್ಳೆಯದು? ಹೆದರದೆ ಕಚ್ಚುವ ನಾಯಿಯೇ?

ಉತ್ತರ: ಅಲ್ಲ. ಕೆಲವು ಮೀಟರ್ ದೂರದಲ್ಲಿ ನಿಂತು, ಹಂದಿ ನುಗ್ಗಿದಾಗ ಹಾರಿ ತಪ್ಪಿಸಿಕೊಂಡು, ಮತ್ತೆ ಬಂದು ಬೊಗಳುತ್ತಲೇ ಇರುವ ನಾಯಿ ಒಳ್ಳೆಯದು. ಹಂದಿ ಎಲ್ಲಿದೆಯೆಂದು ತಿಳಿಯಲು ಒಡೆಯನಿಗೆ ಬೇಕಿರುವುದು ಆ ದನಿ. ಸ್ಲೊವಾಕಿಯಾದ ಕೊಪೋವ್ ತಳಿಗೆ ಈ ಗುಣಕ್ಕಾಗಿಯೇ ಹೆಸರು. ಜರ್ಮನಿಯ ಯಾಗ್ಡ್‌ಟೆರಿಯರ್‌ಗೆ ಧೈರ್ಯ ಬೇಕಾದಷ್ಟಿದೆ, ಮಿತಿ ಕಲಿಸದಿದ್ದರೆ ಅದೇ ಧೈರ್ಯ ಅದನ್ನು ಕೊಲ್ಲುತ್ತದೆ. ಒಂದೇ ಹಂದಿಯ ಮೇಲೆ ನಾಯಿಗಳ ಸಂಖ್ಯೆ ಹೆಚ್ಚಿದಂತೆ ಒಂದನ್ನು ನೋಡಿ ಒಂದು ಹುಮ್ಮಸ್ಸಿಗೆ ಬಿದ್ದು ಹತ್ತಿರ ಹೋಗುತ್ತವೆ, ಗಾಯವೂ ಹೆಚ್ಚುತ್ತದೆ.

ವರ್ಷ ತುಂಬುವ ಮೊದಲು ಹಂದಿಯ ಎದುರು ಬಿಡಬೇಡಿ. ಅದಕ್ಕೂ ಮುಂಚೆ, ಬೆನ್ನಟ್ಟುವ ಭರದಲ್ಲೂ ಸೀಟಿಗೆ ತಿರುಗಿ ಬರುವುದನ್ನು ಗಟ್ಟಿ ಮಾಡಿ. ಜರ್ಮನಿಯಲ್ಲಿ ಇದಕ್ಕೆಂದೇ ಬೇಲಿ ಹಾಕಿದ ತರಬೇತಿ ಆವರಣಗಳಿವೆ. ಮನುಷ್ಯರಿಗೂ ನಾಯಿಗೂ ಒಗ್ಗಿದ ಹಂದಿಗಳ ಮುಂದೆ, ತರಬೇತುದಾರರ ಕಣ್ಣೆದುರು ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ. ನಾಯಿ ಹತ್ತಿರ ಹೋಗಿ ಕಚ್ಚತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಪ್ರಶ್ನೆ: ಕೊರಳಿಗೆ ಗಂಟೆ ಸಾಕೇ, ಜಿಪಿಎಸ್ ಬೇಕೇ?

ಉತ್ತರ: ಗಂಟೆ ಹತ್ತಿರದ ಪೊದೆಗೆ, ಜಿಪಿಎಸ್ ಗುಡ್ಡದಾಚೆಗೆ, ಎರಡೂ ಇರಲಿ. ಹಂದಿಯನ್ನು ಬೆನ್ನಟ್ಟಿದ ನಾಯಿ ರಸ್ತೆಗೆ ಬಿದ್ದು ವಾಹನಕ್ಕೆ ಸಿಕ್ಕುವ ಅಪಾಯ ಕೋರೆಯಷ್ಟೇ ದೊಡ್ಡದು. ಹೊರಡುವ ಮುನ್ನ ನಕ್ಷೆಯಲ್ಲಿ ಹತ್ತಿರದ ರಸ್ತೆ ಗುರುತಿಸಿಕೊಂಡು, ನಾಯಿ ಅತ್ತ ತಿರುಗಿದರೆ ಯಾರು ಹೋಗಿ ಅಡ್ಡ ನಿಲ್ಲಬೇಕೆಂದು ಮೊದಲೇ ನಿಶ್ಚಯಿಸಿ.