18ನೇ ಶತಮಾನದವರ ಹಾಗೆ ಕಾಡಿನಲ್ಲಿ ನಡೆಯಬೇಕು, ಕಿಟ್‌ಗೆ ಏನೇನು ಕೊಳ್ಳಲಿ?

"ಈ ಕಾಲದ ಒಂದು ವಸ್ತುವೂ ಇರಬಾರದು, ಪಟ್ಟಿ ಕೊಟ್ಟರೆ ಎಲ್ಲ ಒಟ್ಟಿಗೇ ಕೊಳ್ಳುತ್ತೇನೆ" ಅಂತ ಬರೆದಿದ್ದೀರಿ. ಓದಿ ನಗು ಬಂತು. ನಾನೂ ಹೀಗೇ ಶುರು ಮಾಡಿದವನು. ಉಣ್ಣೆ ಕಂಬಳಿ, ಎಣ್ಣೆ ಬಳಿದ ಕ್ಯಾನ್ವಾಸ್, ತಾಮ್ರದ ಪಾತ್ರೆ, ಕೊಡಲಿ, ಚಕಮಕಿ ಕಲ್ಲು, ಉಕ್ಕಿನ ತುಂಡು, ಎಲ್ಲ ಬಂತು. ಬೆಂಕಿಪೊಟ್ಟಣ ಮಾತ್ರ ಬೇಡವೇ ಬೇಡ ಅಂತ ಹಟ. ಗೀರುವ ಕಡ್ಡಿ ಬಂದದ್ದು 1820ರ ದಶಕದಲ್ಲಿ, ನನ್ನ ಕಿಟ್ಟೋ 1770ರದ್ದು!

ಮೊದಲ ದಿನವೇ ಹಳ್ಳ ದಾಟುವಾಗ ಸೊಂಟದ ತನಕ ನೀರು ಬಂತು. ಸಂಜೆ ಬೆಂಕಿ ಹಾಕೋಣ ಅಂತ ಡಬ್ಬಿ ತೆರೆದರೆ ಒಳಗೆ ಕಪ್ಪು ಕೆಸರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಕಮಕಿಯಲ್ಲಿ ಹಾರುವ ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲಿನ ಚೂಪು ಅಂಚು ಉಕ್ಕನ್ನು ಹೆರೆಯುತ್ತದೆ, ಆ ಪುಡಿ ಗಾಳಿಯಲ್ಲಿ ಉರಿಯುತ್ತದೆ. ಆದರೆ ಅದರಿಂದ ಒಣಹುಲ್ಲೂ ನೇರವಾಗಿ ಹೊತ್ತಿಕೊಳ್ಳುವುದಿಲ್ಲ. ಮಧ್ಯೆ ಕರಕಲು ಬಟ್ಟೆ ಬೇಕು. ಹತ್ತಿ ಅಥವಾ ನಾರುಬಟ್ಟೆಯ ಚೂರುಗಳನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಹೊಡೆದು, ಕೆಂಡದ ಮೇಲೆ ಇಡುತ್ತೇವೆ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ತೆಗೆದು, ಪೂರ್ತಿ ಆರಿದ ಮೇಲೇ ಮುಚ್ಚಳ ತೆರೆಯಬೇಕು. ಬಿಸಿ ಇರುವಾಗ ತೆರೆದರೆ ಗಾಳಿ ತಾಗಿ ಬಟ್ಟೆ ಬೂದಿಯಾಗುತ್ತದೆ. ಸರಿಯಾಗಿ ಆದ ಬಟ್ಟೆಯ ಮೇಲೆ ಒಂದು ಕಿಡಿ ಬಿದ್ದರೆ ಸಾಕು, ಕೆಂಪು ಚುಕ್ಕೆ ನಿಧಾನಕ್ಕೆ ಹರಡುತ್ತದೆ. ಅದನ್ನು ಒಣ ನಾರಿನ ಉಂಡೆಯಲ್ಲಿಟ್ಟು ಊದಿದರೆ ಜ್ವಾಲೆ.

ನಾನು ಮಾಡಿದ್ದೇನು ಅಂದರೆ, ಸುಟ್ಟ ಡಬ್ಬಿಯಲ್ಲೇ ಬಟ್ಟೆ ಹೊತ್ತುಕೊಂಡು ಹೋದೆ. ಮಸಿ ಹಿಡಿದು ಚೆನ್ನಾಗಿ ಕಾಣುತ್ತಿತ್ತು, ಅದಕ್ಕೇ. ಮೊಳೆ ತೂತು ಹಾಗೇ ಇತ್ತು. ಕಡ್ಡಿ ಗಾತ್ರದ ತೂತು! ಸೊಂಟದ ಚೀಲದಲ್ಲಿದ್ದ ಡಬ್ಬಿಗೆ ಹಳ್ಳದ ನೀರು ಅಲ್ಲಿಂದಲೇ ನುಗ್ಗಿತು. ಎರಡು ಗಂಟೆ ಉಕ್ಕು ಬಡಿದೆ. ಕಿಡಿ ಚೆನ್ನಾಗೇ ಬೀಳುತ್ತಿತ್ತು, ಬಿದ್ದಲ್ಲೇ ಆರುತ್ತಿತ್ತು. ಬೆರಳ ಗೆಣ್ಣು ಕಿತ್ತು ರಕ್ತ. ಮರದ ಒಂದು ಚಿಕ್ಕ ಬೆಣೆ ತೂತಿಗೆ ತುರುಕಿ, ಮುಚ್ಚಳದ ಸುತ್ತ ಜೇನುಮೇಣ ಒತ್ತಿದ್ದರೆ ಮುಗಿದಿತ್ತು. ಅಥವಾ ಅರ್ಧ ಬಟ್ಟೆಯನ್ನು ಬೇರೆ ಡಬ್ಬಿಯಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದರೂ ಸಾಕಿತ್ತು. ರಾತ್ರಿ ಉಳಿಸಿದ್ದು ಕಂಬಳಿ. ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ನನ್ನ ಹತ್ತಿ ಪ್ಯಾಂಟು ಮಾತ್ರ ಮೈ ಬಿಸಿಯನ್ನೆಲ್ಲ ಹೀರಿಬಿಟ್ಟಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಆ ಕಾಲದವರು ಹಟಕ್ಕೆ ಹಳೆ ಸಾಮಾನು ಹೊತ್ತವರಲ್ಲ. ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಹೊತ್ತರು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಹೆಣವಾಗಿ ಸಿಕ್ಕ ಓಟ್ಸಿಯನ್ನೇ ನೋಡಿ, ಸುಮಾರು 5300 ವರ್ಷ ಹಿಂದಿನವನು. ಅವನ ಬರ್ಚ್ ತೊಗಟೆಯ ಡಬ್ಬಿಯಲ್ಲಿ ಮೇಪಲ್ ಎಲೆ, ಇದ್ದಿಲ ಚೂರು ಇದ್ದವು, ಅಂದರೆ ಕೆಂಡ ಸುತ್ತಿ ಒಯ್ಯುತ್ತಿದ್ದ. ಅದು ಸಾಲದು ಅಂತ ಸೊಂಟದ ಚೀಲದಲ್ಲಿ ಕಿಡಿ ಹಿಡಿಯುವ ಅಣಬೆ ಬೇರೆ. ಬೆಂಕಿಗೆ ಎರಡು ದಾರಿ, ಎರಡು ಜಾಗದಲ್ಲಿ. ನನಗೆ ಅಷ್ಟೂ ಹೊಳೆದಿರಲಿಲ್ಲ.

ಎಲ್ಲ ಕೊಳ್ಳಬೇಡಿ. ಕಂಬಳಿ, ಕ್ಯಾನ್ವಾಸ್, ಬೆಂಕಿ ಡಬ್ಬಿ (ಚಕಮಕಿ, ಉಕ್ಕು, ಕರಕಲು ಬಟ್ಟೆ), ನೀರು ಕುದಿಸಲು ಒಂದು ಪಾತ್ರೆ. ಮನೆಗೆ ನಡೆದು ಬರುವಷ್ಟು ಹತ್ತಿರದಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಏನು ಬೇಕಿತ್ತು ಅಂತ ನಿಮಗೇ ಗೊತ್ತಾಗುತ್ತದೆ. ತಾಮ್ರದ ಪಾತ್ರೆಯಾದರೆ ಒಳಗೆ ಕಲಾಯಿ ಇರಲೇಬೇಕು. ಕ್ಯಾನ್ವಾಸ್‌ಗೆ ಅಗಸೆ ಎಣ್ಣೆ ಬಳಿದ ಚಿಂದಿಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. (ನನ್ನ ಬಟ್ಟೆಗೆ ಆ ಬುದ್ಧಿ ಇರಲಿಲ್ಲ ನೋಡಿ.) ಕೊಡಲಿಯಾ ಚಾಕುವಾ ಅಂತ ಕೇಳಿದ್ದೀರಿ, ಯಾವುದಾದರೂ ಸರಿ. ಚೀಲದ ತಳದಲ್ಲಿ ಒಂದು ಲೈಟರ್ ಸುತ್ತಿಡಿ, ಯಾರೂ ನೋಡುವುದಿಲ್ಲ.

ಆ ಡಬ್ಬಿ ಈಗಲೂ ನನ್ನ ಹತ್ತಿರ ಇದೆ. ತೂತಿಗೆ ಬೆಣೆ ಹಾಕಿದ್ದೇನೆ. ಬೆಣೆಯನ್ನು ದಾರದಲ್ಲಿ ಡಬ್ಬಿಗೇ ಕಟ್ಟಿದ್ದೇನೆ, ಯಾಕೆಂದರೆ ಎರಡನೇ ಸಲ ಬೆಣೆ ಕಳೆದುಹೋಗಿತ್ತು.